ಹಾಳೂರಿಗೆ ಕ್ಯಾಮೆರಾನೇ ಗೌಡ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮಧುಗಿರಿ ಬೆಟ್ಟದ ಬುಡದಲ್ಲಿ ಬೆಂಗಳೂರು ನೋಂದಣಿಯ ಕಾರು, ಬೈಕುಗಳು ಬಂದು ನಿಲ್ಲುತ್ತವೆ. ಹೆಗಲಿಗೆ ಕ್ಯಾಮೆರಾ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಊರೊಳಗಿನ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳನ್ನು ದಾಟಿ ನೇರವಾಗಿ ಕೋಟೆಯ ಮೊದಲ ಬಾಗಿಲಿಗೆ ನಡೆಯುತ್ತಾರೆ. ಗಂಟೆ ಬಾರಿಸುವ, ಹೂವು ಮಾರುವವರಿರುವ ಗುಡಿಯ ಚಿತ್ರ ಅವರಿಗೆ ಅಷ್ಟಾಗಿ ಬೇಕಿಲ್ಲ. ಸುಮಾರು 3,900 ಅಡಿ ಎತ್ತರದ ಈ ಬೋಳು ಬಂಡೆಯನ್ನು ಏದುಸಿರು ಬಿಡುತ್ತ ಹತ್ತುವುದು ತುದಿಯಲ್ಲಿರುವ ಕಟ್ಟಡಗಳಿಗಾಗಿ. ಅಲ್ಲಿ ಸೂರು ಕಳಚಿದ ಕಣಜಗಳಿವೆ, ದೇವರಿಲ್ಲದ ಗುಡಿಯಿದೆ, ಬಾವಲಿಗಳ ವಾಸನೆಯಿದೆ, ಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಗಿಡಗಳಿವೆ.

ಊರಿನ ಹಿರಿಯರಿಗೆ ಇದೊಂದು ವಿಚಿತ್ರ. ಪಾಳುಬಿದ್ದ ಮನೆಯ ಹತ್ತಿರ ಸುಳಿಯಬೇಡ, ಹಾವು ಚೇಳು ಇರುತ್ತದೆ, ಹೊತ್ತು ಮುಳುಗಿದ ಮೇಲೆ ಆ ಕಡೆ ನೋಡಲೂ ಬೇಡ ಎಂದು ಮಕ್ಕಳಿಗೆ ಹೇಳಿ ಬೆಳೆಸಿದವರು ಅವರು. ಈಗ ಅಂಥ ಜಾಗವನ್ನೇ ಹುಡುಕಿಕೊಂಡು ದೂರದೂರಿನಿಂದ ಜನ ಬರುತ್ತಾರೆ. ಮಧುಗಿರಿಯಷ್ಟೇ ಅಲ್ಲ, ಶಿರಾದ ಕೋಟೆ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಬೆಟ್ಟ, ಅದರಾಚೆಯ ನಿಡುಗಲ್ಲು, ಎಲ್ಲವೂ ಇಂದು ಮೊಬೈಲು ಪರದೆಗಳ ಮೇಲೆ ಓಡಾಡುತ್ತಿವೆ. ಭಯ ಹುಟ್ಟಿಸುವ ಜಾಗ ಚಿತ್ರದಲ್ಲಿ ಏಕೆ ಇಷ್ಟವಾಗುತ್ತದೆ? ಆ ಚಿತ್ರ ಏನನ್ನು ತೋರಿಸುತ್ತದೆ, ಏನನ್ನು ಬಚ್ಚಿಡುತ್ತದೆ?

ದೀಪವಿಲ್ಲದ ಊರು

ಹಾಳು ಎಂಬುದು ಕನ್ನಡಕ್ಕೆ ಹೊಸ ಮಾತಲ್ಲ. ಹಾಳು ಹಂಪೆ, ಹಾಳುಗುಡಿ, ಹಾಳುಬಾವಿ ಎಂದು ನಾವು ಸಲೀಸಾಗಿ ಅನ್ನುತ್ತೇವೆ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಗೊತ್ತಿಲ್ಲದ ಹಳ್ಳಿಯಿಲ್ಲ. ಕಂದಾಯ ಇಲಾಖೆಯ ಕಡತಗಳಲ್ಲಂತೂ ಇದಕ್ಕೊಂದು ಪ್ರತ್ಯೇಕ ಹೆಸರೇ ಇದೆ: ಬೇಚರಾಕ್ ಗ್ರಾಮ. ಸರ್ವೆ ನಂಬರು ಇದೆ, ಗಡಿಕಲ್ಲು ಇದೆ, ಜಮೀನಿಗೆ ಕಂದಾಯವೂ ಇದೆ, ಆದರೆ ಜನ ಮಾತ್ರ ವಾಸವಿಲ್ಲ. ಇಂಥ ಊರನ್ನು ಬೇಚರಾಕ್ ಎಂದು ಗುರುತಿಸುತ್ತಾರೆ. ಪಾರ್ಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಎಂಬುದು ಈ ಶಬ್ದದ ಅರ್ಥ. ಪರ್ಷಿಯನ್ ಆಡಳಿತ ಭಾಷೆಯಾಗಿದ್ದ ಕಾಲದ ಗುರುತು ಇಂದಿಗೂ ಕಂದಾಯ ಪುಸ್ತಕದಲ್ಲಿ ಹೀಗೆ ಉಳಿದುಕೊಂಡಿದೆ.

ಈ ಶಬ್ದವನ್ನು ನೆನಪಿನಲ್ಲಿಟ್ಟುಕೊಂಡು ಬಯಲುಸೀಮೆಯ ಯಾವುದಾದರೂ ಪಾಳುಮನೆಯೊಳಗೆ ನಿಂತರೆ ಕಣ್ಣು ತಾನಾಗಿ ಗೋಡೆಯ ಗೂಡಿನತ್ತ ಹೋಗುತ್ತದೆ. ಸೂರು ಬಿದ್ದಿದ್ದರೂ, ಬಾಗಿಲ ಚೌಕಟ್ಟನ್ನು ಯಾರೋ ಕಿತ್ತೊಯ್ದಿದ್ದರೂ ದೀಪದ ಗೂಡಿನ ಮೇಲ್ಭಾಗದಲ್ಲಿ ಎಣ್ಣೆಯ ಮಸಿ ಹಾಗೆಯೇ ಅಂಟಿಕೊಂಡಿರುತ್ತದೆ. ಒಲೆಯ ಜಾಗ ಕಪ್ಪಾಗಿರುತ್ತದೆ. ಒರಳಿನ ಗುಳಿ ಸವೆದಿರುತ್ತದೆ. ನೋಡುವವರ ಮೈ ಜುಮ್ಮೆನ್ನುವುದು ಇಂಥ ಕಡೆಯೇ.

ವಿಯೆನ್ನಾದ ಮನೋವೈದ್ಯ ಸಿಗ್ಮಂಡ್ ಫ್ರಾಯ್ಡ್ 1919ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಬಗೆಯ ಅಳುಕನ್ನು ವಿವರಿಸಲು ಯತ್ನಿಸಿದ. ಪೂರಾ ಅಪರಿಚಿತವಾದ ವಸ್ತುವಿಗಿಂತ, ಒಮ್ಮೆ ತೀರ ಪರಿಚಿತವಾಗಿದ್ದು ಈಗ ಬೇರೆಯಾಗಿ ಕಾಣುವ ವಸ್ತು ಮನಸ್ಸನ್ನು ಹೆಚ್ಚು ಕಲಕುತ್ತದೆ ಎಂಬುದು ಅವನ ವಾದ. ಅವನು ಬಳಸಿದ ಜರ್ಮನ್ ಶಬ್ದದ ಮೂಲದಲ್ಲೇ ‘ಮನೆ’ ಎಂಬ ಪದವಿದೆ. ಒಲೆ, ಹೊಸ್ತಿಲು, ದೀಪದ ಗೂಡು ಎಲ್ಲರ ಮನೆಯಲ್ಲೂ ಇರುವಂಥವು. ಅವು ಇದ್ದೂ ಜನ ಇಲ್ಲವಾದಾಗ, ನಮ್ಮ ಮನೆಯೂ ಒಂದು ದಿನ ಹೀಗಾದೀತೆ ಎಂಬ ಪ್ರಶ್ನೆ ಹೇಳದೆ ಕೇಳದೆ ಏಳುತ್ತದೆ. ಚಿತ್ರದಲ್ಲಿ ನೋಡುವಾಗ ಆ ಪ್ರಶ್ನೆ ಇರುತ್ತದೆ, ಹಾವು ಚೇಳಿನ ಅಪಾಯ ಇರುವುದಿಲ್ಲ. ಅಂಜಿಕೆ ಹಿತವಾಗುವುದು ಹೀಗೆ.

ಮನುಷ್ಯರನ್ನು ಅಳಿಸು ಎಂದ ವಿಮರ್ಶಕ

ಹಾಳುಗಳ ಮೋಹ ಕ್ಯಾಮೆರಾಕ್ಕಿಂತ ಹಳೆಯದು. ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಅದೊಂದು ದೊಡ್ಡ ಹುಚ್ಚೇ ಆಗಿತ್ತು. ಫ್ರಾನ್ಸಿನ ಹ್ಯೂಬರ್ಟ್ ರಾಬರ್ಟ್ ಎಂಬ ಕಲಾವಿದ ರೋಮಿನ ಪಾಳು ಕಟ್ಟಡಗಳನ್ನು ಚಿತ್ರಿಸಿಯೇ ಹೆಸರಾದ. ಇನ್ನೂ ಗಟ್ಟಿಮುಟ್ಟಾಗಿದ್ದ ಪ್ಯಾರಿಸ್ಸಿನ ಲೂವ್ರ್ ಅರಮನೆಯ ದೊಡ್ಡ ಪಡಸಾಲೆ ಮುಂದೊಂದು ದಿನ ಹಾಳುಬಿದ್ದರೆ ಹೇಗಿದ್ದೀತು ಎಂದು ಊಹಿಸಿ 1796ರಲ್ಲಿ ಚಿತ್ರ ಬರೆದವನು ಈತ. ರಾಬರ್ಟನ ಪಾಳುಚಿತ್ರಗಳನ್ನು 1767ರ ಪ್ರದರ್ಶನದಲ್ಲಿ ಕಂಡ ದಾರ್ಶನಿಕ ದಿದೆರೊ ಮನಸಾರೆ ಮೆಚ್ಚಿಕೊಂಡ. ಜೊತೆಗೇ ಒಂದು ತಕರಾರನ್ನೂ ಎತ್ತಿದ: ಚಿತ್ರದಲ್ಲಿ ಮನುಷ್ಯರು ಅತಿಯಾದರು, ಮುಕ್ಕಾಲು ಪಾಲು ಜನರನ್ನು ಅಳಿಸಿಬಿಡಬೇಕು, ಒಂಟಿತನ ಮತ್ತು ಮೌನವನ್ನು ಹೆಚ್ಚಿಸುವವರನ್ನು ಮಾತ್ರ ಉಳಿಸಿಕೊಳ್ಳಬೇಕು.

ಇದನ್ನು ಓದುವಾಗ ಇಂದಿನ ಛಾಯಾಗ್ರಾಹಕರ ನೆನಪಾಗದಿರದು. ಕುರಿ ಮೇಯಿಸುವವರು ಚೌಕಟ್ಟಿನಿಂದಾಚೆ ಹೋಗಲೆಂದು ಕಾಯುವುದು, ವಿದ್ಯುತ್ ತಂತಿ ಬೀಳದಂತೆ ಕೋನ ಬದಲಿಸುವುದು, ಉಳಿದದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಒರೆಸುವುದು, ಎಲ್ಲವೂ ದಿದೆರೊ ಹೇಳಿದ ದಾರಿಯೇ.

ಕ್ಯಾಮೆರಾ ಬಂದಾಗ ಈ ಕೆಲಸ ಇನ್ನೂ ಸುಲಭವಾಯಿತು. ಮೊದಲ ಕಾಲದ ಕ್ಯಾಮೆರಾಗಳಿಗೆ ಒಂದು ಚಿತ್ರ ತೆಗೆಯಲು ಹಲವು ನಿಮಿಷಗಳು ಬೇಕಾಗುತ್ತಿದ್ದವು. ಅಷ್ಟು ಹೊತ್ತು ಅಲುಗಾಡದೆ ನಿಂತದ್ದು ಮಾತ್ರ ಮೂಡುತ್ತಿತ್ತು. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಗಿಜಿಗುಟ್ಟುವ ಬೀದಿಯೊಂದರ ಚಿತ್ರ ತೆಗೆದ. ಗಾಡಿ, ಕುದುರೆ, ಜನ ಎಲ್ಲ ಚಲಿಸುತ್ತಿದ್ದುದರಿಂದ ಯಾವುದೂ ದಾಖಲಾಗಲಿಲ್ಲ. ನಿಂತು ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ ಮನುಷ್ಯನ ಆಕೃತಿಯಷ್ಟೇ ಸ್ಪಷ್ಟವಾಗಿ ಉಳಿಯಿತು. ಜನ ತುಂಬಿದ ಬೀದಿಯನ್ನೇ ಬಿಕೋ ಎನ್ನುವಂತೆ ತೋರಿಸಿದ ಯಂತ್ರ ಅದು. ಅಲುಗಾಡದ ಹಾಳು ಕಟ್ಟಡಕ್ಕಿಂತ ಒಳ್ಳೆಯ ವಸ್ತು ಅದಕ್ಕೆ ಎಲ್ಲಿ ಸಿಕ್ಕೀತು?

ಕರ್ನಾಟಕಕ್ಕೆ ಈ ಯಂತ್ರ ತಡಮಾಡದೆ ಬಂತು. ಮದರಾಸು ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್ 1854ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು ಮೊದಲಾದೆಡೆ ಚಿತ್ರ ತೆಗೆದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವುಗಳನ್ನು ಜನರ ಮುಂದಿಟ್ಟ. ಅದೇ ಸೈನ್ಯದ ಅಲೆಗ್ಸಾಂಡರ್ ಗ್ರೀನ್‌ಲಾ 1856ರ ವೇಳೆಗೆ ಹಂಪೆಯಲ್ಲಿ, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದ. ಪ್ರಾಚೀನ ಕಟ್ಟಡಗಳನ್ನು ಕೈಯಿಂದ ಬರೆಸುವುದಕ್ಕಿಂತ ಫೋಟೊ ತೆಗೆಸುವುದು ಲೇಸೆಂದು ಕಂಪೆನಿ ಸರ್ಕಾರಕ್ಕೂ ಆ ಹೊತ್ತಿಗೆ ಅನ್ನಿಸಿತ್ತು. ನಮ್ಮ ನಾಡಿನ ಮೊದಮೊದಲ ಛಾಯಾಚಿತ್ರಗಳಲ್ಲಿ ಹಾಳುಗಳದೇ ದೊಡ್ಡ ಪಾಲು ಆಗಿರುವುದಕ್ಕೆ ಇದೂ ಒಂದು ಕಾರಣ.

ಶಿರಾ ಬರಿದಾದ ಬಗೆ

ಚಿತ್ರದಲ್ಲಿ ಖಾಲಿತನ ಚೆಲುವಾಗಿ ಕಾಣಬಹುದು. ಆದರೆ ಆ ಖಾಲಿತನ ತಾನಾಗಿ ಬಂದದ್ದಲ್ಲ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೆ ಇಸವಿಯಿದೆ, ಕಾರಣವಿದೆ, ಹಲವು ಕಡೆ ಕಾರಣಕರ್ತರ ಹೆಸರೂ ಇದೆ. ಶಿರಾ ಇದಕ್ಕೆ ಒಳ್ಳೆಯ ನಿದರ್ಶನ.

ರತ್ನಗಿರಿಯ ನಾಯಕ ರಂಗಪ್ಪ ಕಟ್ಟಲು ತೊಡಗಿದ ಈ ಊರು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ವಶವಾಯಿತು. ಬಿಜಾಪುರದ ಪರವಾಗಿ ಇಲ್ಲಿ ಆಳಿದ ಮಲಿಕ್ ರಿಹಾನನ ಗೋರಿ 1651ರದು. ಬಿಜಾಪುರ ಮುಳುಗಿದ ಮೇಲೆ, 1687ರಲ್ಲಿ ಮೊಗಲರು ಶಿರಾವನ್ನು ಹೊಸ ಸುಬಾದ ರಾಜಧಾನಿಯಾಗಿ ಮಾಡಿಕೊಂಡರು. ಕಾಸಿಂ ಖಾನ್ ಅದರ ಮೊದಲ ಅಧಿಕಾರಿ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಈ ಸುಬಾಕ್ಕೆ ಸೇರಿದ್ದವು. ಕಲ್ಲಿನ ಜುಮ್ಮಾ ಮಸೀದಿ ಎದ್ದದ್ದು 1696ರಲ್ಲಿ. ಕೊನೆಯ ಸುಬೇದಾರರಲ್ಲಿ ಒಬ್ಬನಾದ ದಿಲಾವರ್ ಖಾನನ ಕಾಲದಲ್ಲಿ ಊರು ಉಚ್ಛ್ರಾಯ ಸ್ಥಿತಿಗೆ ಮುಟ್ಟಿ, ಐವತ್ತು ಸಾವಿರ ಮನೆಗಳಿದ್ದವೆಂಬ ಮಾತು ಹಳೆಯ ಗ್ಯಾಸೆಟಿಯರಿನಲ್ಲಿದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ದೊಡ್ಡ ಊರೆಂಬುದರಲ್ಲಿ ಸಂದೇಹವಿಲ್ಲ.

ಆ ದಿಲಾವರ್ ಖಾನ್ ಒಂದು ಅರಮನೆ ಕಟ್ಟಿಸಿದ್ದ. ಹೈದರ್ ಮತ್ತು ಟಿಪ್ಪುವಿನ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದೂ, ಶಿರಾದ ಖಾನ್ ಬಾಗ್ ತೋಟವನ್ನು ಕಂಡೇ ಹೈದರಾಲಿಗೆ ಬೆಂಗಳೂರಿನಲ್ಲಿ ಲಾಲ್‌ಬಾಗ್ ಮಾಡಿಸುವ ಯೋಚನೆ ಬಂತೆಂದೂ ಗ್ಯಾಸೆಟಿಯರು ಹೇಳುತ್ತದೆ. ಇಂದು ಬೆಂಗಳೂರಿನ ಕಲಾಸಿಪಾಳ್ಯದ ಬಳಿಯ ಟಿಪ್ಪು ಅರಮನೆಯ ಮರದ ಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ, ಅದರ ಮೂಲ ಮಾದರಿ ಎನ್ನಲಾದ ಅರಮನೆ ಶಿರಾದಲ್ಲಿತ್ತು, ಹತ್ತೊಂಬತ್ತನೇ ಶತಮಾನದಲ್ಲೇ ಅದು ಹಾಳಾಗಿತ್ತು ಎಂಬುದು ನೆನಪಾಗುವುದು ಅಪರೂಪ.

ಹಾಗಾದರೆ ಶಿರಾಕ್ಕೆ ಏನಾಯಿತು? 1757ರಲ್ಲಿ ಮರಾಠರು ಊರನ್ನು ಹಿಡಿದರು. ಎರಡು ವರ್ಷಗಳ ನಂತರ ಅದು ಮತ್ತೆ ಮೊಗಲರಿಗೆ ಹೋಯಿತು. 1761ರಲ್ಲಿ ಹೈದರಾಲಿ, 1766ರಲ್ಲಿ ಪುನಃ ಮರಾಠರು, 1774ರಲ್ಲಿ ಟಿಪ್ಪು. ಹದಿನೇಳು ವರ್ಷಗಳಲ್ಲಿ ಐದು ಸಲ ಕೈ ಬದಲಾದ ಊರಿನಲ್ಲಿ ಅಂಗಡಿ ಇಟ್ಟವನು, ಮಗ್ಗ ಹೂಡಿದವನು ಯಾರ ಮೇಲೆ ಭರವಸೆ ಇಡಬೇಕು? ಕೊನೆಯ ಪೆಟ್ಟು ಇನ್ನೂ ಬೇರೆ ರೀತಿಯದು. ಶ್ರೀರಂಗಪಟ್ಟಣದ ದ್ವೀಪದಲ್ಲಿ ಟಿಪ್ಪು ಸ್ಥಾಪಿಸಿದ ಷಹರ್ ಗಂಜಾಂ ಬಡಾವಣೆಯನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತೆಂದು ಗ್ಯಾಸೆಟಿಯರು ದಾಖಲಿಸಿದೆ. ಒಂದು ಊರು ಹುಟ್ಟಲು ಇನ್ನೊಂದು ಊರು ಬರಿದಾಗಬೇಕಾಯಿತು. ಇಂದು ಗಂಜಾಂನ ನಿಮಿಷಾಂಬ ಗುಡಿಗೆ ಹೋಗುವ ಶಿರಾ ಕಡೆಯ ಭಕ್ತರು, ತಮ್ಮ ಊರಿನಿಂದ ಹೊರಡಿಸಿದ ಜನ ನೆಲೆಸಿದ ಬೀದಿಗಳಲ್ಲೇ ನಡೆಯುತ್ತಿದ್ದಾರೆ.

ಕಂದಕದ ನೀರಿನಲ್ಲಿ ಶಿರಾ ಕೋಟೆಯ ನೆರಳು ಬಿದ್ದಿರುವ ಚಿತ್ರ ಬಹಳ ಜನಪ್ರಿಯ. ಆ ನೆರಳಿನಲ್ಲಿ ಈ ಹನ್ನೆರಡು ಸಾವಿರ ಕುಟುಂಬಗಳು ಕಾಣುವುದಿಲ್ಲ.

ಬೆಟ್ಟದ ಮೇಲಿನ ಸೆರೆ

ಮಧುಗಿರಿಯ ಕತೆಯೂ ಇಂಥದೇ. ಪಾಳೆಯಗಾರ ರಾಜ ಹಿರೇಗೌಡನ ಹೆಸರಿನೊಂದಿಗೆ ಸೇರಿಕೊಂಡಿರುವ ಈ ದುರ್ಗವನ್ನು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯ ಮುತ್ತಿ ಗೆದ್ದಿತು. ಮಧುಗಿರಿ ಪಾಳೆಯಗಾರರದೇ ಆಗಿದ್ದ ಚನ್ನರಾಯನದುರ್ಗವೂ ಮೈಸೂರಿಗೆ ಸೇರಿತು. ಮುಂದೆ ಹೈದರಾಲಿ ಮಧುಗಿರಿ ಕೋಟೆಯನ್ನು ಭದ್ರಪಡಿಸಿದ.

1763ರಲ್ಲಿ ಹೈದರನಿಗೆ ಬಿದನೂರು ಸಿಕ್ಕಿತು. ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಹಿಡಿದು ಈ ಬೆಟ್ಟಕ್ಕೆ ತಂದು ಸೆರೆಯಿಟ್ಟರು. ವರ್ಷವಿಡೀ ಹಸಿರಿರುವ, ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನ ಹೆಂಗಸು ಈ ಬಿಸಿಬಂಡೆಯ ಮೇಲೆ ನಾಲ್ಕು ಬೇಸಿಗೆ ಕಳೆದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಗೆದ್ದಾಗ ಬಿಡುಗಡೆ ಸಿಕ್ಕಿತು. ಪುಣೆಗೆ ಹೋಗುವ ದಾರಿಯಲ್ಲಿ ಆಕೆ ತೀರಿಕೊಂಡಳು. ಬೆಟ್ಟದ ಮೇಲಿನ ಮುರುಕು ಗೋಡೆಗಳನ್ನು ‘ಮೋಡದ ಮೇಲಿನ ಅರಮನೆ’ ಎಂದು ಬಣ್ಣಿಸಿ ಚಿತ್ರ ಹಂಚಿಕೊಳ್ಳುವವರಿದ್ದಾರೆ. ಒಬ್ಬ ರಾಣಿಯ ಪಾಲಿಗೆ ಅದು ಸೆರೆಮನೆಯಾಗಿತ್ತು ಎಂಬುದು ತಿಳಿದರೆ ಅದೇ ಗೋಡೆ, ಅದೇ ಬೆಳಕು ಬೇರೆಯಾಗಿ ಕಾಣುತ್ತದೆ.

ದಂಡು ಹಾದುಹೋದ ನೆನಪನ್ನು ಊರು ತನ್ನದೇ ರೀತಿಯಲ್ಲಿ ಉಳಿಸಿಕೊಂಡಿದೆ. ಮಧುಗಿರಿಯ ಜನ ನಡೆದುಕೊಳ್ಳುವ ಅಮ್ಮನ ಹೆಸರು ದಂಡಿನ ಮಾರಮ್ಮ. ಆಕೆಯ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಸೇರುತ್ತಾರೆ. ಶಿರಾದ ಮಲಿಕ್ ರಿಹಾನ್ ದರ್ಗಾಕ್ಕೂ ಭಕ್ತರು ಬರುತ್ತಾರೆ. ಕೋಟೆಯ ಬಾಗಿಲಿನಿಂದ ಕೂಗಳತೆಯಲ್ಲಿ ಸಂತೆ, ಶಾಲೆ, ಬಸ್ ನಿಲ್ದಾಣ ಎಲ್ಲವೂ ಇವೆ. ಚಿತ್ರಗಳಲ್ಲಿ ಕಾಣುವಷ್ಟು ನಿರ್ಜನವಾದ ಊರುಗಳಲ್ಲ ಇವು.

ಮನೆ ಬೀಳುವ ಕ್ರಮ

ಕೋಟೆಯ ಮಾತಾಯಿತು. ಸಾಮಾನ್ಯರ ಮನೆ ಹಾಳಾಗುವುದಕ್ಕೆ ದಂಡೇ ಬರಬೇಕೆಂದಿಲ್ಲ.

ಶಿರಾ, ಮಧುಗಿರಿ, ಪಾವಗಡದ ಕಡೆಯ ಹಳೆಯ ಮನೆಗಳೆಂದರೆ ಮಣ್ಣಿನ ಮಾಳಿಗೆಯವು. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತೆ, ಜಂತೆಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಕರಲು ಮಣ್ಣು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಈ ಮಾಳಿಗೆಗೆ ಪ್ರತಿವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು. ಹುಲ್ಲು ಮೊಳೆತರೆ ಕೀಳಬೇಕು. ನೀರು ಹರಿಯುವ ದೋಣಿ ಕಟ್ಟದಂತೆ ನೋಡಿಕೊಳ್ಳಬೇಕು. ಎರಡು ಮೂರು ಮಳೆಗಾಲ ಈ ಕೆಲಸ ತಪ್ಪಿದರೆ ನೀರು ಒಳಗಿಳಿಯುತ್ತದೆ, ಜಂತೆಗೆ ಗೆದ್ದಲು ಹತ್ತುತ್ತದೆ, ಮಾಳಿಗೆ ಕುಸಿಯುತ್ತದೆ. ಸೂರು ಹೋದ ಮೇಲೆ ಮಣ್ಣಿನ ಗೋಡೆ ಕರಗುತ್ತದೆ. ಬಿದ್ದ ತೊಲೆ ಬಾಗಿಲುಗಳನ್ನು ಅಗತ್ಯವಿದ್ದವರು ಒಯ್ಯುತ್ತಾರೆ. ಹಕ್ಕಿ ಉದುರಿಸಿದ ಬೀಜದಿಂದ ಅರಳಿ ಗಿಡ ಎದ್ದು ಉಳಿದ ಗೋಡೆಯನ್ನು ಸೀಳುತ್ತದೆ. ಚಿತ್ರಕ್ಕೆ ಬಲು ಸೊಗಸಾಗಿ ಒದಗುವ ‘ಸೂರಿನ ತೂತಿನಿಂದ ಇಳಿದ ಬಿಸಿಲುಕೋಲು’ ಈ ಸರಣಿಯ ನಡುವಿನ ಒಂದು ಹಂತ. ಮಾಳಿಗೆಗೆ ಮಣ್ಣು ಹೊರುವ ಕೈ ಆ ಮನೆಯಲ್ಲಿ ಇಲ್ಲವಾಗಿದೆ ಎಂಬುದಕ್ಕೆ ಅದು ಸಾಕ್ಷಿ.

ಕೈ ಇಲ್ಲವಾಗಲು ಹಲವು ಕಾರಣಗಳಿದ್ದವು. 1876–78ರ ಧಾತು–ಈಶ್ವರ ಬರ ಅವುಗಳಲ್ಲಿ ಭೀಕರವಾದದ್ದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡಿತು. ಮಳೆ ನಂಬಿದ ಬಯಲುಸೀಮೆಗೆ ಬಿದ್ದ ಹೊಡೆತ ದೊಡ್ಡದು. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ ಇಲಿ ಬಿದ್ದ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡು ಬದುಕುವುದು ಮಾಮೂಲಾಯಿತು. ಹಾಗೆ ಹೋದವರೆಲ್ಲ ಹಿಂತಿರುಗಲಿಲ್ಲ.

ಇಂದು ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಕಾಣುವ ಬೀಗಗಳಿಗೆ ಕಾರಣ ಬೇರೆ. ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ ಈ ತಾಲ್ಲೂಕು ಪದೇ ಪದೇ ಬರಕ್ಕೆ ತುತ್ತಾಗುತ್ತ ಬಂದಿದೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದು ಇಲ್ಲಿ ಹಳೆಯ ರೂಢಿ. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು 2019ರ ಕೊನೆಗೆ ಪೂರ್ಣಗೊಂಡಿತು. ರೈತರ ಜಮೀನನ್ನು ಕೊಂಡುಕೊಳ್ಳದೆ 28 ವರ್ಷಗಳ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಜಮೀನಿದ್ದವರಿಗೆ ವರ್ಷ ವರ್ಷ ಹಣ ಬರುತ್ತದೆ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬೇರೆ ದಾರಿ ಹುಡುಕದೆ ವಿಧಿಯಿಲ್ಲ. ಮೈಲುಗಟ್ಟಲೆ ಹರಡಿದ ನೀಲಿ ಫಲಕಗಳ ಅಂಚಿನಲ್ಲಿ ಬೀಗ ಬಿದ್ದ ಮಾಳಿಗೆ ಮನೆಯೊಂದು ಛಾಯಾಗ್ರಾಹಕನಿಗೆ ಅಪೂರ್ವ ದೃಶ್ಯ. ಆ ಮನೆಯವರು ಮಾತ್ರ ಬದುಕಿದ್ದಾರೆ. ದೀಪಾವಳಿಗೋ ಊರಹಬ್ಬಕ್ಕೋ ಬಂದು ಗುಡಿಸಿ, ಗೂಡಿನಲ್ಲಿ ದೀಪ ಹಚ್ಚಿ ಹೋಗುವವರೂ ಇದ್ದಾರೆ. ಅವರ ಮನೆಯನ್ನು ಭೂತಬಂಗಲೆಯೆಂದು ತೋರಿಸಿದರೆ ಅವರಿಗೆ ಹೇಗನ್ನಿಸೀತು?

ಡೆಟ್ರಾಯ್ಟ್‌ನವರ ಸಿಟ್ಟು

ಈ ಪ್ರಶ್ನೆ ಅಮೆರಿಕದಲ್ಲಿ ಜೋರಾಗಿಯೇ ಎದ್ದಿತ್ತು. ಮೋಟಾರು ಕಾರಿನ ನಗರ ಡೆಟ್ರಾಯ್ಟ್‌ನಲ್ಲಿ 1950ರಲ್ಲಿ ಹದಿನೆಂಟು ಲಕ್ಷಕ್ಕೂ ಮಿಕ್ಕಿ ಜನರಿದ್ದರು. 2010ರ ಗಣತಿಗೆ ಏಳು ಲಕ್ಷದ ಆಸುಪಾಸಿಗೆ ಇಳಿದರು. ಫ್ರಾನ್ಸಿನ ಇಬ್ಬರು ಛಾಯಾಗ್ರಾಹಕರಾದ ಈವ್ ಮಾರ್ಷಾಂ ಮತ್ತು ರೊಮೇನ್ ಮೆಫ್ರೆ ಅಲ್ಲಿನ ಪಾಳು ಕಾರ್ಖಾನೆ, ರಂಗಮಂದಿರ, ಹೋಟೆಲುಗಳ ಚಿತ್ರಗಳನ್ನು 2010ರಲ್ಲಿ ದೊಡ್ಡ ಪುಸ್ತಕವಾಗಿ ಹೊರತಂದರು. ಜಗತ್ತು ಬೆರಗಾಯಿತು, ಊರಿನವರಲ್ಲಿ ಅನೇಕರು ಸಿಟ್ಟಾದರು. ಇದು ಹಾಳುಗಳ ಅಶ್ಲೀಲ ಪ್ರದರ್ಶನ ಎಂಬ ಕಟುವಾದ ಮಾತೂ ಕೇಳಿಬಂತು. ಇನ್ನೂ ಏಳು ಲಕ್ಷ ಜನ ಬದುಕುತ್ತಿರುವ ನಗರವನ್ನು ಸತ್ತ ನಗರವೆಂದು ತೋರಿಸಲಾಗಿದೆ ಎಂಬುದು ಅವರ ಆಕ್ಷೇಪ. ಅದೇ ನಗರದಲ್ಲಿ 1988ರಿಂದ ಮುಚ್ಚಿದ್ದ, ಪಾಳುಚಿತ್ರಗಳಿಗೆಲ್ಲ ನಾಯಕನಂತಿದ್ದ ಹಳೆಯ ರೈಲು ನಿಲ್ದಾಣವನ್ನು ಫೋರ್ಡ್ ಕಂಪೆನಿ ದುರಸ್ತಿ ಮಾಡಿಸಿ 2024ರಲ್ಲಿ ಮತ್ತೆ ತೆರೆದದ್ದು ಇದಕ್ಕೊಂದು ಉತ್ತರದಂತಿದೆ.

ನಮ್ಮಲ್ಲೂ ಅಂಥ ಜಾಗಗಳಿವೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ಮುಳುಗಿ ನಿಂತ ಚಿತ್ರವನ್ನು ನೋಡದವರು ಕಡಿಮೆ. ಹೇಮಾವತಿ ಜಲಾಶಯಕ್ಕಾಗಿ ಅಲ್ಲಿನ ಜನ ಊರು ಬಿಟ್ಟದ್ದನ್ನು ಚಿತ್ರ ಹೇಳುವುದಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತುಕ್ಕು ಹಿಡಿದ ಯಂತ್ರಗಳು, ಪಾಳುಬಿದ್ದ ಬಂಗಲೆಗಳು ಕ್ಯಾಮೆರಾಗಳಿಗೆ ಹಬ್ಬವಾದವು. ಕಾರ್ಮಿಕರ ಸಾಲುಮನೆಗಳಲ್ಲಿ ಬದುಕು ಮುಂದುವರಿದಿದೆ. ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು ಅಲ್ಲಿದ್ದಾರೆ.

ಚಿತ್ರದ ಹಿಂದೆ ಬರೆಯಬೇಕಾದ್ದು

ಹಾಗೆಂದು ಫೋಟೊ ತೆಗೆಯುವುದೇ ತಪ್ಪೆಂದಲ್ಲ. ಹಂಪೆಯ ಗ್ರೀನ್‌ಲಾನ ಚಿತ್ರಗಳ ಮುಂದಿನ ಕತೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ಬಹುಕಾಲ ಮರೆಯಾಗಿದ್ದ ಅವನ ನೆಗೆಟಿವ್‌ಗಳು 1980ರಲ್ಲಿ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ 1983ರಲ್ಲಿ ಹಂಪೆಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅವೇ ಕಟ್ಟಡಗಳ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬುದು ಕಣ್ಣಿಗೆ ಕಟ್ಟಿತು. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಇಟ್ಟಿಗೆಯ ಶಿಖರವೊಂದು ಇತ್ತೆಂಬುದನ್ನು ಗ್ರೀನ್‌ಲಾನ ಚಿತ್ರ ತೋರಿಸುತ್ತದೆ. ಐವತ್ತು ರೂಪಾಯಿ ನೋಟಿನ ಮೇಲೆ ನಾವೆಲ್ಲ ಇಂದು ನೋಡುವ ರಥಕ್ಕೆ ಆ ಶಿಖರವಿಲ್ಲ. ಎಲ್ಲಿ, ಯಾವಾಗ ತೆಗೆದದ್ದು ಎಂಬುದು ಗೊತ್ತಿದ್ದುದರಿಂದಲೇ ಆ ಚಿತ್ರಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ.

ಮಧುಗಿರಿ ಕೋಟೆ, ಶಿರಾದ ದರ್ಗಾ ಮತ್ತು ಜುಮ್ಮಾ ಮಸೀದಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅವುಗಳ ಬಗ್ಗೆ ಕಡತಗಳಿರುತ್ತವೆ. ನಿಡುಗಲ್ಲಿನ ದಾರಿಯ ಮುರುಕು ಮಂಟಪಕ್ಕೆ, ಚನ್ನರಾಯನದುರ್ಗದ ಕುಸಿದ ಬುರುಜಿಗೆ, ಯಾವುದೋ ಹಳ್ಳಿಯ ತೊಟ್ಟಿಮನೆಗೆ ಅಂಥ ಭಾಗ್ಯವಿಲ್ಲ. ಅವುಗಳ ಪಾಲಿಗೆ ಯಾವನೋ ಹುಡುಗ ಮೊಬೈಲಿನಲ್ಲಿ ತೆಗೆದ ಚಿತ್ರವೇ ಕೊನೆಯ ದಾಖಲೆಯಾದೀತು. ಊರಿನ ಹೆಸರು, ತೆಗೆದ ದಿನ, ಯಾರ ಮನೆ, ಏಕೆ ಬಿಟ್ಟರು ಎಂಬ ನಾಲ್ಕು ಸಾಲು ಅದರ ಜೊತೆಗಿದ್ದರೆ ಮುಂದಿನವರಿಗೆ ಅದು ಚರಿತ್ರೆಯ ಆಕರ. ಇಲ್ಲವಾದರೆ ಎಲ್ಲಿಯದೋ ಗೋಡೆ, ಯಾರದೋ ಕಿಟಕಿ.

ಇದಕ್ಕೊಂದು ತೊಡಕೂ ಇದೆ. ನಿಧಿಯಾಸೆಗೆ ಒಂಟಿ ಗುಡಿಗಳ ಗರ್ಭಗುಡಿ ಅಗೆಯುವವರು, ಬಸವಣ್ಣನ ವಿಗ್ರಹ ಒಡೆಯುವವರು ನಮ್ಮ ನಾಡಿನಲ್ಲಿ ಹೊಸಬರಲ್ಲ. ಕಾವಲಿಲ್ಲದ ಜಾಗದ ದಾರಿಯನ್ನು ಚಿತ್ರದೊಂದಿಗೆ ಸಾರಿಬಿಟ್ಟರೆ ಅಂಥವರಿಗೂ ಅದು ಗೊತ್ತಾಗುತ್ತದೆ. ವಿವರವನ್ನು ಬರೆದಿಡುವುದು ಬೇರೆ, ಎಲ್ಲರಿಗೂ ಸಾರುವುದು ಬೇರೆ. ಊರಿನವರನ್ನು ಒಮ್ಮೆ ವಿಚಾರಿಸಿದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುತ್ತದೆ. ಮನೆಯ ಕತೆಯೂ ಅವರಲ್ಲೇ ಸಿಗುತ್ತದೆ.

ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಹಾಸ್ಯಕ್ಕೆ ಬಳಸುವುದೇ ಹೆಚ್ಚು. ಆದರೆ ಹಿಂದಿನ ಕಾಲದಲ್ಲಿ ಗೌಡಿಕೆಯೆಂದರೆ ಬರೀ ಪೇಟ ಸುತ್ತಿ ಕೂರುವುದಾಗಿರಲಿಲ್ಲ. ಊರಿನಲ್ಲಿ ಯಾರಿದ್ದಾರೆ, ಯಾರು ಊರು ಬಿಟ್ಟರು, ಯಾವ ಕಾರಣಕ್ಕೆ ಬಿಟ್ಟರು ಎಂದು ಅಮಲ್ದಾರರು ಕೇಳಿದರೆ ಗೌಡನೇ ಜವಾಬು ಕೊಡಬೇಕಿತ್ತು. ಶಾನುಭೋಗ ಅದನ್ನು ಲೆಕ್ಕದಲ್ಲಿ ಬರೆದಿಡುತ್ತಿದ್ದ. ದೀಪವಿಲ್ಲದ ಊರುಗಳಿಗೆ ಈಗ ಕ್ಯಾಮೆರಾ ಹಿಡಿದವರು ಬರುತ್ತಿದ್ದಾರೆ. ಗೌಡಿಕೆ ಅವರ ಪಾಲಿಗೆ ಬಂದಿದೆ, ಶಾನುಭೋಗಿಕೆಯನ್ನೂ ಅವರೇ ವಹಿಸಿಕೊಳ್ಳಬೇಕಾಗಿದೆ.